ಕಚ್ಚಿಕೊಂಡ ಬೋಲ್ಟು ಮತ್ತು ದುರಸ್ತಿಯ ಅರ್ಥಶಾಸ್ತ್ರ

ಕಾರುಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಸಾಮಾನ್ಯವಾಗಿ ಕೊಳ್ಳುವ ಹಂತದಲ್ಲೇ ಮುಗಿದುಹೋಗುತ್ತದೆ. ಬೆಲೆ ಎಷ್ಟು, ಮೈಲೇಜು ಎಷ್ಟು, ಸಾಲದ ಕಂತು ಎಷ್ಟು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಕೊಂಡ ವಾಹನವನ್ನು ಹತ್ತು-ಹದಿನೈದು ವರ್ಷ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದು ಮೆಕ್ಯಾನಿಕ್‌ಗೆ ಬಿಟ್ಟ ವಿಷಯ ಎಂದು ಸುಶಿಕ್ಷಿತರೂ ಕೈ ಕೊಡವಿಕೊಳ್ಳುತ್ತಾರೆ. ಆದರೆ ಈ ನಿರ್ವಹಣೆಯ ಇಡೀ ವ್ಯವಹಾರ ಎಷ್ಟೋ ಸಲ ಹತ್ತಿಪ್ಪತ್ತು ರೂಪಾಯಿ ಬೆಲೆಯ ಒಂದು ಬೋಲ್ಟಿನ ಮೇಲೆ ನಿಂತಿರುತ್ತದೆ. ಅದು ಸಲೀಸಾಗಿ ಬಿಚ್ಚಿಕೊಂಡರೆ ಕೆಲಸ ಅರ್ಧ ಗಂಟೆಯದು. ಕಚ್ಚಿಕೊಂಡು ಕುಳಿತರೆ, ಇಲ್ಲವೇ ತಲೆ ಮುರಿದುಕೊಂಡು ಮೈಯನ್ನು ಒಳಗೇ ಉಳಿಸಿದರೆ, ಅದೇ ಕೆಲಸ ಎರಡು ದಿನದ್ದು, ಖರ್ಚು ಸಾವಿರಗಳಲ್ಲಿ.

ಇದನ್ನು ಕೇವಲ ಗ್ಯಾರೇಜಿನ ತಾಪತ್ರಯವೆಂದು ತಳ್ಳಿಹಾಕುವಂತಿಲ್ಲ. ಒಂದು ಉದಾಹರಣೆ ನೋಡೋಣ. ಕಾರಿನ ಪ್ರತಿ ಚಕ್ರದ ಬ್ರೇಕಿನಲ್ಲೂ ಗಾಳಿ ತೆಗೆಯಲೆಂದು ಒಂದು ಸಣ್ಣ ಟೊಳ್ಳು ತಿರುಪು ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಬ್ಲೀಡರ್ ನಿಪ್ಪಲ್ ಎನ್ನುತ್ತಾರೆ. ಬ್ರೇಕ್ ಆಯಿಲ್ ಬದಲಿಸಬೇಕಾದರೆ ಅದನ್ನು ಸಡಿಲಿಸಲೇಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯ ಹೊಸ ದ್ರವ 205 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ದರ್ಜೆಗೆ ಈ ಅಂಕಿಗಳು 230 ಮತ್ತು 155. ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯುವಾಗ ಬ್ರೇಕನ್ನು ಮತ್ತೆ ಮತ್ತೆ ಒತ್ತಿದರೆ ಈ ಕೆಳಗಿನ ಅಂಕಿ ದೂರವೇನಲ್ಲ. ದ್ರವ ಕುದಿದು ಆವಿಯಾದರೆ ಪೆಡಲು ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹೀಗಿದ್ದೂ ಎಷ್ಟೋ ಹಳೆಯ ಕಾರುಗಳಲ್ಲಿ ಬ್ರೇಕ್ ಆಯಿಲ್ ವರ್ಷಗಟ್ಟಲೆ ಬದಲಾಗುವುದಿಲ್ಲ. ಮೇಲಿನ ಡಬ್ಬಿಗೆ ಒಂದಿಷ್ಟು ಸುರಿದು ಕಳುಹಿಸುತ್ತಾರೆ, ಅಷ್ಟೆ. ಕಾರಣ ಕೇಳಿದರೆ ಅನುಭವಸ್ಥ ಮೆಕ್ಯಾನಿಕ್ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ‘ನಿಪ್ಪಲ್ ಜಾಮ್ ಆಗಿದೆ ಸಾರ್, ಮುಟ್ಟಿದರೆ ಮುರಿಯುತ್ತೆ. ಮುರಿದರೆ ಕ್ಯಾಲಿಪರ್ರೇ ಹಾಕಬೇಕು. ಸುಮ್ಮನೆ ಯಾಕೆ?’

ಆ ‘ಸುಮ್ಮನೆ ಯಾಕೆ’ ಎಂಬ ಮಾತಿನ ಹಿಂದೆ ಭೌತಶಾಸ್ತ್ರವೂ ಇದೆ, ಅರ್ಥಶಾಸ್ತ್ರವೂ ಇದೆ.

ಮೊದಲು ಭೌತಶಾಸ್ತ್ರ. ಬೋಲ್ಟು ಎಂದರೆ ಸುತ್ತಿಟ್ಟ ಇಳಿಜಾರು. ಅದನ್ನು ತಿರುಗಿಸುತ್ತ ಹೋದಂತೆ ಅದರ ಮೈ ಅತ್ಯಲ್ಪ ಪ್ರಮಾಣದಲ್ಲಿ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಸ್ಪ್ರಿಂಗಿನಂತೆ ಮರಳಿ ಕುಗ್ಗಲು ಹವಣಿಸುವುದರಿಂದಲೇ ಎರಡು ಭಾಗಗಳು ಒಂದಕ್ಕೊಂದು ಬಿಗಿಯಾಗಿ ಕೂಡುತ್ತವೆ. ನಾವು ಪಾನಾಕ್ಕೆ ಹಾಕುವ ಬಲದಲ್ಲಿ ಈ ಉಪಯುಕ್ತ ಬಿಗಿತಕ್ಕೆ ಸಲ್ಲುವುದು ಸ್ಥೂಲವಾಗಿ ಶೇಕಡಾ 10 ಮಾತ್ರ. ಸುಮಾರು ಅರ್ಧದಷ್ಟು ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ, ಉಳಿದ ಶೇಕಡಾ 40ರಷ್ಟು ಥ್ರೆಡ್‌ಗಳ ನಡುವಿನ ಘರ್ಷಣೆಗೆ ವ್ಯಯವಾಗುತ್ತದೆ. ಸರ್ಕಾರದ ಕೆಲವು ಯೋಜನೆಗಳಲ್ಲಿ ಫಲಾನುಭವಿಗೆ ತಲುಪುವ ಪಾಲನ್ನು ಇದು ನೆನಪಿಸಿದರೆ ಅದು ಓದುಗರ ತಪ್ಪಲ್ಲ. ಮುಖ್ಯ ಸಂಗತಿ ಏನೆಂದರೆ, ಘರ್ಷಣೆಯೇ ಇಲ್ಲಿ ಯಜಮಾನ. ಘರ್ಷಣೆ ಸ್ವಲ್ಪ ಹೆಚ್ಚಾದರೂ ಬಿಚ್ಚಲು ಬೇಕಾಗುವ ಬಲ ವಿಪರೀತ ಏರುತ್ತದೆ.

ತುಕ್ಕು ಮಾಡುವುದು ಇದನ್ನೇ. ಕಬ್ಬಿಣ ತುಕ್ಕಾದಾಗ ಅದು ಆಕ್ರಮಿಸುವ ಜಾಗ ಮೂಲ ಲೋಹದ ಎರಡರಿಂದ ಆರು ಪಟ್ಟು. ಬೋಲ್ಟು ಮತ್ತು ನಟ್ಟಿನ ನಡುವೆ ಇರುವ ಸಂದು ಕೂದಲೆಳೆಯಷ್ಟು. ಅಲ್ಲಿ ಹುಟ್ಟಿದ ತುಕ್ಕಿಗೆ ಹರಡಲು ಜಾಗವಿಲ್ಲದೆ ಬೆಣೆ ಹೊಡೆದಂತೆ ಕೂರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಾರುಗಳಲ್ಲಿ ಕಡಲ ಗಾಳಿಯ ಉಪ್ಪು ಈ ಕೆಲಸವನ್ನು ಚುರುಕುಗೊಳಿಸುತ್ತದೆ. ಕರಾವಳಿಯಿಂದ ಬಂದ ಹಳೆಯ ಕಾರು ಎಂದರೆ ಬೆಂಗಳೂರಿನ ಕೊಳ್ಳುಗರು ಮೊದಲು ಬಗ್ಗಿ ಅಡಿಭಾಗ ನೋಡುವುದು ಇದೇ ಕಾರಣಕ್ಕೆ. ಇನ್ನೊಂದು ಬಗೆಯ ಕಚ್ಚುವಿಕೆ ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಭಾಗದೊಳಗೆ ಕುಳಿತಾಗ ಆಗುವಂಥದ್ದು. ತೇವವಿದ್ದಲ್ಲಿ ಈ ಎರಡು ಲೋಹಗಳ ನಡುವೆ ಪುಟ್ಟ ಬ್ಯಾಟರಿಯೇ ಏರ್ಪಟ್ಟು ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಬಿಳಿ ಪುಡಿ ಥ್ರೆಡ್ಡನ್ನು ತುಂಬುತ್ತದೆ. ಸ್ಪಾರ್ಕ್ ಪ್ಲಗ್ ಅನ್ನು ವರ್ಷಗಟ್ಟಲೆ ಬಿಚ್ಚದೆ ಬಿಟ್ಟವರಿಗೆ ಇದರ ಪರಿಚಯವಿರುತ್ತದೆ.

ಹಾಗಾದರೆ ಬಿಚ್ಚುವುದು ಹೇಗೆ? ಕಚ್ಚಿದ ಬೋಲ್ಟಿನ ಮುಂದೆ ಬಹುಪಾಲು ಜನ ಮಾಡುವುದು ಒಂದೇ ಕೆಲಸ: ಇನ್ನಷ್ಟು ಬಲ ಹಾಕುವುದು. ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ಮೊದಲಿಗೆ ತಂತಿಯ ಬ್ರಷ್ಷಿನಿಂದ ಥ್ರೆಡ್ಡಿನ ಹೊರಗಿನ ತುಕ್ಕು, ಮಣ್ಣು ಉಜ್ಜಬೇಕು. ನಂತರ ಸಂದಿಗೆ ಇಳಿಯಬಲ್ಲ ತೆಳು ಎಣ್ಣೆ ಹಾಕಿ ಕಾಯಬೇಕು. ಐದು ನಿಮಿಷವಲ್ಲ, ಒಂದು ರಾತ್ರಿ. ನಡುವೆ ಒಂದೆರಡು ಸಲ ಮತ್ತೆ ಹಾಕಬೇಕು. ನಮ್ಮ ಹಳೆಯ ಮೆಕ್ಯಾನಿಕ್‌ಗಳು ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಬಳಸುತ್ತಿದ್ದರು. ಈಗ ಎಲ್ಲರ ಮನೆಯಲ್ಲೂ ಇರುವ ನೀಲಿ-ಹಳದಿ ಡಬ್ಬಿಯ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ, ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ನೀರನ್ನು ದೂರವಿಡುವ ದ್ರವವಾಗಿ. ನಲವತ್ತನೆಯ ಪ್ರಯತ್ನದಲ್ಲಿ ಕೈಗೂಡಿದ್ದರಿಂದ ಆ ಹೆಸರು. ನೀರು ತಡೆಯುವುದು ಅದರ ಮೂಲಧರ್ಮ. ಕಚ್ಚಿದ ಬೋಲ್ಟು ಬಿಡಿಸಲೆಂದೇ ತಯಾರಾದ ಎಣ್ಣೆಗಳು ಬೇರೆ ಸಿಗುತ್ತವೆ, ಅವು ಮೇಲು. ಯಾವುದನ್ನೇ ಬಳಸಿದರೂ ಬ್ರೇಕಿನ ಡಿಸ್ಕಿಗೆ, ಪ್ಯಾಡಿಗೆ ಒಂದು ಹನಿಯೂ ತಾಗಬಾರದು.

ಎಣ್ಣೆ ಇಳಿಯಲು ದಾರಿ ಬೇಕು. ಅದಕ್ಕಾಗಿ ಬೋಲ್ಟಿನ ತಲೆಯ ಮೇಲೆ ನೇರವಾಗಿ ಸುತ್ತಿಗೆಯಿಂದ ಹದವಾಗಿ ನಾಲ್ಕಾರು ಏಟು ಹಾಕುವುದುಂಟು. ಏಟಿನ ಕಂಪನಕ್ಕೆ ತುಕ್ಕಿನ ಪದರ ಬಿರುಕುಬಿಡುತ್ತದೆ. ಆಮೇಲೆ ಪಾನಾ ಹಾಕಿ ಮೊದಲು ಬಿಗಿ ಮಾಡುವ ದಿಕ್ಕಿಗೆ ತುಸುವೇ ಒತ್ತಿ ನೋಡಬೇಕು. ಇದು ವಿಚಿತ್ರವೆನಿಸಬಹುದು. ಆದರೆ ಯಾವ ದಿಕ್ಕಿಗಾದರೂ ಸರಿ, ಬೋಲ್ಟು ಒಮ್ಮೆ ಅಲುಗಿತೆಂದರೆ ಅರ್ಧ ಗೆದ್ದಂತೆ. ಅಲುಗಿದ ಮೇಲೂ ಒಂದೇ ಸಮನೆ ಹೊರಕ್ಕೆ ತಿರುಗಿಸಬಾರದು. ಕಾಲು ಸುತ್ತು ಹೊರಕ್ಕೆ, ಅದರ ಅರ್ಧದಷ್ಟು ಒಳಕ್ಕೆ, ಮತ್ತೆ ಎಣ್ಣೆ, ಮತ್ತೆ ಹೊರಕ್ಕೆ. ಬಿಡಿಸಿಕೊಂಡ ಪುಡಿ ಮುಂದಿನ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡು ಅಲ್ಲೇ ಕಚ್ಚುವ ಅಪಾಯ ಇರುವುದರಿಂದ ಈ ಹಿಂದೆ-ಮುಂದೆಯ ಆಟ ಅನಿವಾರ್ಯ. ಆತುರಗಾರನ ಕೈಯಲ್ಲಿ ಬೋಲ್ಟು ಮುರಿಯುವುದು ಬಹುತೇಕ ಈ ಹಂತದಲ್ಲೇ, ‘ಬಂತು, ಬಂತು’ ಎನ್ನುವ ಹೊತ್ತಿಗೆ.

ಇಷ್ಟಕ್ಕೂ ಜಗ್ಗದಿದ್ದರೆ ಕಾವು. ಹತ್ತು ಮಿಲಿಮೀಟರ್ ಅಗಲದ ಉಕ್ಕಿನ ನಟ್ಟನ್ನು 200 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಅದರ ರಂಧ್ರ ಹಿಗ್ಗುವುದು ಮಿಲಿಮೀಟರಿನ ನೂರರಲ್ಲಿ ಎರಡೂವರೆ ಭಾಗದಷ್ಟು. ಕೂದಲಿನ ದಪ್ಪಕ್ಕಿಂತ ಕಡಿಮೆ. ಆದರೆ ತುಕ್ಕಿನ ಬೆಣೆಯನ್ನು ಬಿರುಕುಗೊಳಿಸಲು ಅಷ್ಟು ಸಾಕು. ಕಾಯಿಸಬೇಕಾದ್ದು ಹೊರಗಿನ ನಟ್ಟನ್ನು, ಒಳಗಿನ ಬೋಲ್ಟನ್ನಲ್ಲ ಎಂಬುದು ನೆನಪಿರಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುತ್ತದೆ. ಆದ್ದರಿಂದ ಅಂಥ ಕಡೆ ಕಾವು ಇನ್ನೂ ಫಲಕಾರಿ. ಹಾಗೆಂದು ಮನೆಯ ಅಂಗಳದಲ್ಲಿ ಜ್ವಾಲೆ ಹಚ್ಚುವ ಸಾಹಸವನ್ನು ನಾನು ಯಾರಿಗೂ ಸೂಚಿಸಲಾರೆ. ಪೆಟ್ರೋಲ್ ಪೈಪು, ರಬ್ಬರ್ ಬುಶ್, ಆಗಷ್ಟೇ ಸಿಂಪಡಿಸಿದ ಎಣ್ಣೆ ಇವೆಲ್ಲ ಅಲ್ಲೇ ಇರುತ್ತವೆ. ಕಾವು ಬೇಕಾದಲ್ಲಿ ಕಾರನ್ನು ಬಲ್ಲವರ ಗ್ಯಾರೇಜಿಗೆ ಒಯ್ಯುವುದೇ ಲೇಸು.

ಬೋಲ್ಟಿನ ಆರು ಮೂಲೆಗಳು ಸವೆದು ಗುಂಡಗಾಗುವುದು ಇನ್ನೊಂದು ದೊಡ್ಡ ಪೀಡೆ. ಇದಕ್ಕೆ ತುಕ್ಕು ಅರ್ಧ ಕಾರಣವಾದರೆ ಸರಿಯಿಲ್ಲದ ಪಾನಾ ಇನ್ನರ್ಧ. ಎರಡೂ ಪಕ್ಕದಲ್ಲಷ್ಟೇ ಹಿಡಿಯುವ ಫಿಕ್ಸ್ ಪಾನಾ, ಅಳತೆ ತಿರುಗಿಸುವ ಸ್ಕ್ರೂ ಪಾನಾ ಇವು ಬಿಗಿಯಾದ ಬೋಲ್ಟಿಗೆ ಹೇಳಿಸಿದ್ದಲ್ಲ. ಹನ್ನೆರಡು ಹಲ್ಲಿನ ರಿಂಗ್ ಪಾನಾ ಕೂಡ ಮೂಲೆಯ ತುದಿಯನ್ನಷ್ಟೇ ಹಿಡಿಯುತ್ತದೆ. ಆರು ಮುಖದ ಸಾಕೆಟ್ ಒಂದೇ ಬೋಲ್ಟಿನ ಸಮತಟ್ಟು ಪಕ್ಕಗಳಿಗೆ ಒತ್ತಿ ಕೂರುವುದು. ಮನೆಗೆ ಒಂದೇ ಉಪಕರಣ ಕೊಳ್ಳುವುದಿದ್ದರೆ 8ರಿಂದ 19 ಮಿಲಿಮೀಟರ್‌ವರೆಗಿನ ಒಳ್ಳೆಯ ಆರು ಮುಖದ ಸಾಕೆಟ್‌ಗಳನ್ನು ಕೊಳ್ಳಬೇಕು.

ಅಳತೆಯ ಗೊಂದಲಕ್ಕೆ ನಮ್ಮ ದೇಶದಲ್ಲಿ ಒಂದು ಚರಿತ್ರೆಯೇ ಇದೆ. ತಿರುಪಿನ ಅಳತೆಗಳಿಗೆ ದೇಶವ್ಯಾಪಿ ಪ್ರಮಾಣವೊಂದಿರಬೇಕು ಎಂದು ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಪ್ರತಿಪಾದಿಸಿದ್ದು 1841ರಲ್ಲಿ. ಅಲ್ಲಿಯವರೆಗೆ ಪ್ರತಿ ಕಾರ್ಖಾನೆಯದೂ ತನ್ನದೇ ತಿರುಪು. ಆತನ ಥ್ರೆಡ್ಡಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ಸೂಚಿಸಿದ್ದು 60 ಡಿಗ್ರಿ. ಈ ಐದು ಡಿಗ್ರಿಯ ಅಂತರದಿಂದಾಗಿ ಎರಡನೇ ಮಹಾಯುದ್ಧದಲ್ಲಿ ಒಂದು ಮಿತ್ರದೇಶದ ನಟ್ಟು ಇನ್ನೊಂದು ಮಿತ್ರದೇಶದ ಬೋಲ್ಟಿಗೆ ಕೂರದೆ ಫಜೀತಿಯಾಯಿತು. ಕಡೆಗೆ 1948ರ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಂದು ಸಮಾನ ಮಾನಕ್ಕೆ ಒಪ್ಪಿದವು. ನಾವು 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಬಂದೆವು. ಆದರೆ ಮಾರಿಸ್ ಆಕ್ಸ್‌ಫರ್ಡ್ ಮೂಲದ ಅಂಬಾಸಿಡರಿನ ಬೋಲ್ಟುಗಳು ಇಂಚಿನಲ್ಲೇ ಉಳಿದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಗ್ಯಾರೇಜಿನವರು ಮೆಟ್ರಿಕ್ ಪಾನಾಗಳನ್ನು ಹೊಸದಾಗಿ ಕೂಡಿಸಿಕೊಳ್ಳಬೇಕಾಯಿತು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನಾ ಕೂರುತ್ತದೆ, ತಿರುಗುತ್ತದೆ, ಮೂಲೆಯನ್ನೂ ತಿನ್ನುತ್ತದೆ. ಇಂಚಿನ ಗಾಡಿಗಳು ಬಹುಮಟ್ಟಿಗೆ ಗುಜರಿಗೆ ಸಂದಿರುವ ಈಗಲೂ ‘ಹೆಚ್ಚುಕಡಿಮೆ ಕೂರುತ್ತದೆ’ ಎಂಬ ಆ ಅಭ್ಯಾಸ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ಇನ್ನೊಂದು ಸ್ವಾರಸ್ಯ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಎಡಬದಿಯ ಚಕ್ರಗಳ ನಟ್ಟುಗಳು ಎಡತಿರುಪಿನವು. ಚಕ್ರ ಉರುಳುವಾಗ ತಾವಾಗಿ ಸಡಿಲವಾಗದಿರಲೆಂದು ಮಾಡಿದ ಏರ್ಪಾಡು. ಇದನ್ನರಿಯದೆ ‘ಬಿಚ್ಚುತ್ತಿದ್ದೇವೆ’ ಎಂದುಕೊಂಡು ಇಬ್ಬರು ಸೇರಿ ಬಿಗಿ ಮಾಡುತ್ತಲೇ ಹೋಗಿ ಸ್ಟಡ್ ಮುರಿಯುವುದು ಆ ಗಾಡಿಗಳ ಮಟ್ಟಿಗೆ ಅಪರೂಪದ ಸಂಗತಿಯಾಗಿರಲಿಲ್ಲ. ಸರ್ಕಾರಿ ಜೀಪುಗಳಲ್ಲಿ ತಾಲ್ಲೂಕು ಸುತ್ತಿದ ನನ್ನ ತಲೆಮಾರಿನವರಿಗೆ ಇದು ನೆನಪಿದ್ದೀತು.

ಮೂಲೆ ಸವೆದ ಬೋಲ್ಟಿಗೆ ಉಪಾಯಗಳಿವೆ. ಒಂದು ಅಳತೆ ಚಿಕ್ಕದಾದ ಸಾಕೆಟನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು. ಒಳಗೆ ಸುರುಳಿ ಹಲ್ಲಿರುವ ವಿಶೇಷ ಸಾಕೆಟ್ ಬಳಸುವುದು. ಲಾಕಿಂಗ್ ಪ್ಲೈಯರ್ ಹಾಕಿ ಹಿಡಿಯುವುದು. ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವುದು ವೆಲ್ಡಿಂಗ್: ಸವೆದ ತಲೆಯ ಮೇಲೋ, ಮುರಿದುಳಿದ ತುಂಡಿನ ಮೇಲೋ ಹೊಸ ನಟ್ಟೊಂದನ್ನಿಟ್ಟು ಬೆಸೆದು, ತಣಿದ ಮೇಲೆ ಅದಕ್ಕೇ ಪಾನಾ ಹಾಕಿ ತಿರುಗಿಸುವುದು. ಹಿಡಿತವೂ ಸಿಗುತ್ತದೆ, ಕಾವೂ ಸಿಗುತ್ತದೆ. ಬ್ಯಾಟರಿಯ ಸಂಪರ್ಕ ತೆಗೆದಿಟ್ಟು ಮಾಡಿದರೆ ಇದಕ್ಕಿಂತ ಅಗ್ಗದ, ಪರಿಣಾಮಕಾರಿಯಾದ ಮಾರ್ಗ ಇನ್ನೊಂದಿಲ್ಲ. ಬೋಲ್ಟು ರಂಧ್ರದ ಮಟ್ಟದಲ್ಲೇ ಮುರಿದಿದ್ದರೆ ನಡುಮಧ್ಯಕ್ಕೆ ಗುರುತು ಹೊಡೆದು ಡ್ರಿಲ್ ಮಾಡಬೇಕು. ಎಡಕ್ಕೆ ತಿರುಗುತ್ತ ಕೊರೆಯುವ ಡ್ರಿಲ್ ಬಿಟ್ ಸಿಕ್ಕರೆ ಕೊರೆಯುವಾಗಲೇ ತುಂಡು ಹೊರಬರುವುದುಂಟು. ಎಕ್ಸ್‌ಟ್ರ್ಯಾಕ್ಟರ್ ಎಂಬ ಎಡತಿರುಪಿನ ಮೊಳೆಯ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಅದು ಗಡುಸಾದ ಉಕ್ಕು. ತುಂಡಿನೊಳಗೆ ಅದೂ ಮುರಿದುಕೊಂಡರೆ ಮಾಮೂಲು ಡ್ರಿಲ್ಲಿಗೆ ಅದು ಬಗ್ಗುವುದಿಲ್ಲ. ಆಗ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಯಂತ್ರವಿರುವವರನ್ನು ಹುಡುಕಿಕೊಂಡು ಹೋಗಬೇಕು. ಹತ್ತು ರೂಪಾಯಿಯ ಬೋಲ್ಟಿಗಾಗಿ ಎಂಜಿನ್ನಿನ ಭಾಗವನ್ನೇ ಬಿಚ್ಚಿ ಆಟೋದಲ್ಲಿ ಹೊತ್ತೊಯ್ಯುವ ಪ್ರಸಂಗ ಹುಟ್ಟುವುದು ಹೀಗೆ.

ಇಲ್ಲಿ ಅರ್ಥಶಾಸ್ತ್ರ ಪ್ರವೇಶಿಸುತ್ತದೆ. ಕಚ್ಚಿದ ಬೋಲ್ಟಿನ ಮುಂದೆ ನಿಂತವನ ದೊಡ್ಡ ಶತ್ರು ಆಗಲೇ ವ್ಯಯವಾದ ಶ್ರಮ. ಎರಡು ಗಂಟೆ ಬೆವರು ಹರಿಸಿದ್ದೇನೆ, ಇನ್ನು ಬಿಡಲಾರೆ ಎಂಬ ಹಟ. ಮುಳುಗಿದ ಖರ್ಚು ಮುಂದಿನ ನಿರ್ಧಾರವನ್ನು ಪ್ರಭಾವಿಸಬಾರದು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಬೋಲ್ಟಿನ ವಿಷಯದಲ್ಲಿ ಪ್ರತಿ ಹಂತವೂ ಹಿಂದಿನದಕ್ಕಿಂತ ದುಬಾರಿ ಮತ್ತು ಹಿಂತಿರುಗಲಾರದ್ದು. ಎಣ್ಣೆ ಹಾಕಿ ಕಾದವನಿಗೆ ಎಲ್ಲ ದಾರಿಯೂ ತೆರೆದೇ ಇರುತ್ತದೆ. ಮೂಲೆ ಸವೆಸಿದವನಿಗೆ ಕೆಲವು ಮುಚ್ಚುತ್ತವೆ. ತಲೆ ಮುರಿದವನಿಗೆ ಇನ್ನೂ ಕೆಲವು. ಎಕ್ಸ್‌ಟ್ರ್ಯಾಕ್ಟರನ್ನೂ ಮುರಿದವನಿಗೆ ಬಹುತೇಕ ಒಂದೇ ಉಳಿಯುತ್ತದೆ.

ಗ್ಯಾರೇಜಿನಲ್ಲಿ ಪ್ರಶ್ನೆ ಇನ್ನೂ ಜಟಿಲ. ಕಾರು ಮಾಲೀಕನದು, ಕೈ ಮೆಕ್ಯಾನಿಕ್‌ನದು. ಬೋಲ್ಟು ಮುರಿದರೆ ನಷ್ಟ ಯಾರದು? ನಮ್ಮಲ್ಲಿ ಇರುವ ಅಲಿಖಿತ ರೂಢಿ ‘ಯಾರ ಕೈಯಲ್ಲಿ ಮುರಿಯಿತೋ ಅವರ ತಲೆಗೆ’ ಎಂಬುದು. ಮೇಲ್ನೋಟಕ್ಕೆ ಇದು ನ್ಯಾಯವೆನಿಸುತ್ತದೆ. ಆದರೆ ಬೋಲ್ಟನ್ನು ಕಚ್ಚಿಸಿದ್ದು ಎಂಟು ವರ್ಷದ ಮಳೆ ಮತ್ತು ಮಾಲೀಕನ ಅಲಕ್ಷ್ಯ. ಮೆಕ್ಯಾನಿಕ್ ಕೈಯಿಟ್ಟ ಗಳಿಗೆಯಲ್ಲಿ ಅದು ಮುರಿಯಿತು, ಅಷ್ಟೆ. ಈ ರೂಢಿಯ ಫಲವೇ ಮೊದಲು ಹೇಳಿದ ಬ್ರೇಕ್ ನಿಪ್ಪಲ್. ಮುನ್ನೂರು-ನಾನ್ನೂರು ರೂಪಾಯಿ ಮಜೂರಿಗಾಗಿ ಕೆಲವು ಸಾವಿರದ ಕ್ಯಾಲಿಪರಿನ ಹೊಣೆ ಹೊರಲು ಯಾವ ಬುದ್ಧಿವಂತನೂ ಒಪ್ಪುವುದಿಲ್ಲ. ಅವನು ಕೆಲಸವನ್ನೇ ತಪ್ಪಿಸುತ್ತಾನೆ. ಮಾಲೀಕನಿಗೆ ತಾನು ಉಳಿಸಿಕೊಂಡೆನೆಂಬ ಭ್ರಮೆ, ಬ್ರೇಕಿನೊಳಗೆ ನೀರು.

ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ ಎಂಬ ಸರಳ ಸಂಗತಿಯಿಂದ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬರೆದ ಪ್ರಬಂಧ ಅವರಿಗೆ 2001ರ ನೊಬೆಲ್ ಗೌರವದಲ್ಲಿ ಪಾಲು ತಂದಿತು. ದುರಸ್ತಿಯ ಮಾರುಕಟ್ಟೆ ಇನ್ನೊಂದು ಹೆಜ್ಜೆ ಮುಂದೆ. ಹಳೆಯ ಕಾರು ಕೊಂಡವನಿಗೆ ಆರು ತಿಂಗಳಲ್ಲಾದರೂ ಸತ್ಯ ತಿಳಿಯುತ್ತದೆ. ದುರಸ್ತಿ ಮಾಡಿಸಿದವನಿಗೆ ಆ ದುರಸ್ತಿ ಬೇಕಿತ್ತೇ, ಮಾಡಿದರೇ ಎಂಬುದು ಮಾಡಿದ ಮೇಲೂ ತಿಳಿಯದೆ ಹೋಗಬಹುದು. 1973ರಲ್ಲಿ ಡಾರ್ಬಿ ಮತ್ತು ಕಾರ್ನಿ ಎಂಬಿಬ್ಬರು ಅರ್ಥಶಾಸ್ತ್ರಜ್ಞರು ಇಂಥ ಸೇವೆಗಳಿಗೆ ವಿಶ್ವಾಸಾಧಾರಿತ ಸರಕು ಎಂಬರ್ಥದ ಹೆಸರಿಟ್ಟರು. ‘ಬೋಲ್ಟು ಬರಲಿಲ್ಲ, ಇಡೀ ಅಸೆಂಬ್ಲಿ ಹಾಕಿದೆವು’ ಎಂಬ ಬಿಲ್ಲಿನ ಸಾಲನ್ನು ಪರೀಕ್ಷಿಸುವ ಸಾಮರ್ಥ್ಯ ಎಷ್ಟು ಗ್ರಾಹಕರಿಗಿದೆ? ಮುರಿದ ಹಳೆಯ ಭಾಗವನ್ನು ಕೇಳಿ ಪಡೆದು ನೋಡುವುದೊಂದೇ ಇರುವ ಅಗ್ಗದ ತಪಾಸಣೆ. ಆ ಹಕ್ಕನ್ನು ಕೇಳುವವರು ವಿರಳ.

ಅಧಿಕೃತ ಕಾರ್ಯಾಗಾರಗಳು ಬೋಲ್ಟು ಬಿಡಿಸುವ ಬದಲು ಭಾಗವನ್ನೇ ಬದಲಿಸುವುದಕ್ಕೆ ಯಾವಾಗಲೂ ದುರುದ್ದೇಶವೇ ಕಾರಣವೆನ್ನಲಾಗದು. ಒಂದು ಕಾರಿಗೆ ಇಷ್ಟು ನಿಮಿಷ ಎಂಬ ಲೆಕ್ಕದಲ್ಲಿ ದುಡಿಯುವ ತರುಣನಿಗೆ ರಾತ್ರಿಯಿಡೀ ಎಣ್ಣೆ ನೆನೆಯಲು ಬಿಡುವ ಅವಕಾಶವೆಲ್ಲಿ? ಕಾಯುವ ತಾಳ್ಮೆ ಇರುವುದು ಬೀದಿಬದಿಯ ಗ್ಯಾರೇಜಿನಲ್ಲಿ ಮತ್ತು ಮನೆಯಂಗಳದಲ್ಲಿ. ಸಣ್ಣ ದುರಸ್ತಿಗೆ ಆ ಎರಡೂ ಉಳಿಯಬೇಕಾದ ಜಾಗಗಳೆಂಬುದು ನನ್ನ ಅಭಿಪ್ರಾಯ. ಆದರೆ ಮನೆಯಂಗಳವೇ ಇಲ್ಲದ ಅಪಾರ್ಟ್‌ಮೆಂಟುಗಳಲ್ಲಿ ನೆಲಮಾಳಿಗೆಯಲ್ಲಿ ಕಾರು ದುರಸ್ತಿ ಮಾಡಬಾರದೆಂಬ ಸೂಚನಾಫಲಕ ಕಾಣುತ್ತದೆ. ಎಣ್ಣೆ ಚೆಲ್ಲುವ, ಬೆಂಕಿ ತಗಲುವ ಆತಂಕ ಸಕಾರಣವೇ. ಹಾಗಾದರೆ ಮಳೆನೀರಿನ ಚರಂಡಿಯಿಂದ ದೂರವಾಗಿ ಒಂದು ಕಾಂಕ್ರೀಟು ಮೂಲೆ, ಒಂದು ಬಕೆಟ್ ಮರಳು, ಒಂದು ಅಗ್ನಿಶಾಮಕ ಸಿಲಿಂಡರ್ ಇಟ್ಟು ಅನುಮತಿ ಕೊಡುವುದು ಸಂಘಗಳಿಗೆ ಕಷ್ಟವೇ?

ಕಾನೂನಿನ ಕಡೆಯಿಂದ ಏನೂ ಆಗಿಲ್ಲವೆಂದಲ್ಲ. ಬಿಡಿಭಾಗ ಮತ್ತು ತಾಂತ್ರಿಕ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪೆನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ನಂತರ ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆಗೆ ಮೋಟಾರು ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಸ್ವಾಗತಾರ್ಹವೇ. ಆದರೆ ಈ ಬೋಲ್ಟಿಗೆ ಎಷ್ಟು ಬಿಗಿ ಇರಬೇಕು, ಇದನ್ನು ಮರುಬಳಕೆ ಮಾಡಬಹುದೇ ಎಂಬ ಎರಡು ಅಂಕಣದ ಪಟ್ಟಿ ಕಾರಿನ ಕೈಪಿಡಿಯಲ್ಲಿ ಕನ್ನಡದಲ್ಲಿ ದೊರೆಯುವ ದಿನ ಬಂದರೆ ಬೀದಿಬದಿಯ ಮೆಕ್ಯಾನಿಕ್‌ಗೆ ಆಗುವ ಉಪಕಾರ ಜಾಲತಾಣಕ್ಕಿಂತ ಹೆಚ್ಚಿನದು.

ಬಿಗಿಯ ವಿಷಯ ಬಂದಿದ್ದರಿಂದ, ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಅತ್ಯಂತ ಮುಖ್ಯವೆಂದು ನಾನು ಭಾವಿಸುವ ಸಂಗತಿಯನ್ನು ಹೇಳಬೇಕು. ಅದು ಚಕ್ರದ ನಟ್ಟು. ಸಣ್ಣ ಕಾರುಗಳಲ್ಲಿ ಇದಕ್ಕೆ ನಿಗದಿಯಾದ ಬಿಗಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ಹಳೆಯ ಲೆಕ್ಕದಲ್ಲಿ ಒಂದು ಮೀಟರ್ ಉದ್ದದ ಪಾನಾದ ತುದಿಗೆ ಒಂಬತ್ತರಿಂದ ಹನ್ನೊಂದು ಕಿಲೋ ತೂಕ ತೂಗುಬಿಟ್ಟಷ್ಟು. ಟೈರ್ ಅಂಗಡಿಗಳಲ್ಲಿ ಗಾಳಿಯ ಒತ್ತಡದಿಂದ ಓಡುವ ಗನ್ ಬಳಸುತ್ತಾರೆ. ಅವುಗಳಲ್ಲಿ ಎಷ್ಟೋ 500 ನ್ಯೂಟನ್ ಮೀಟರ್ ಮೀರಿ ಬಿಗಿಯಬಲ್ಲವು. ‘ಟರ್ರ್’ ಎಂದು ಎರಡು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಮಾಲೀಕನಿಗೂ ಚಕ್ರ ಭದ್ರವಾಗಿದೆಯೆಂಬ ಸಮಾಧಾನ.

ಈಗ ಲೆಕ್ಕ ಹಾಕಿ. ಕಾರಿನೊಂದಿಗೆ ಬರುವ ಎಲ್ ಆಕಾರದ ವೀಲ್ ಪಾನಾದ ಉದ್ದ ಸುಮಾರು 25 ಸೆಂಟಿಮೀಟರ್. ಅದರ ತುದಿಯನ್ನು ಕೈಯಿಂದ 25 ಕಿಲೋ ಬಲದಲ್ಲಿ ಒತ್ತಿದರೆ ದೊರೆಯುವುದು ಸುಮಾರು 60 ನ್ಯೂಟನ್ ಮೀಟರ್. 60 ಕಿಲೋ ತೂಕದವರು ಅದರ ಮೇಲೆ ಹತ್ತಿ ನಿಂತರೂ 150ರ ಒಳಗೆ. 300ಕ್ಕೆ ಬಿಗಿದ ನಟ್ಟು ಅದಕ್ಕೆ ಜಗ್ಗುವುದಿಲ್ಲ. ತುಕ್ಕೂ ಸೇರಿದರೆ ಕೇಳುವುದೇ ಬೇಡ. ರಾತ್ರಿ ಹೆದ್ದಾರಿಯ ಅಂಚಿನಲ್ಲಿ ಪಂಕ್ಚರ್ ಆದ ಕಾರಿನ ಹಿಂದೆ ಸ್ಟೆಪ್ನಿಯೂ ಇದೆ, ಜಾಕ್ ಕೂಡ ಇದೆ, ಕುಟುಂಬವೂ ಇದೆ. ಚಕ್ರ ಮಾತ್ರ ಕಳಚುತ್ತಿಲ್ಲ. ವೇಗವಾಗಿ ಬರುವ ಲಾರಿಗಳ ಪಕ್ಕದಲ್ಲಿ ಕಾರು ನಿಂತಿರುವ ಪ್ರತಿ ನಿಮಿಷವೂ ಗಂಡಾಂತರ. ಅತಿಬಿಗಿಯ ಹಾನಿ ಇಷ್ಟಕ್ಕೇ ಮುಗಿಯದು. ಉಕ್ಕು ತನ್ನ ಸ್ಥಿತಿಸ್ಥಾಪಕ ಮಿತಿ ದಾಟಿ ಹಿಗ್ಗಿದರೆ ಮರಳಿ ಕುಗ್ಗುವುದಿಲ್ಲ. ಅಂಥ ಸ್ಟಡ್ ಮುಂದೊಂದು ದಿನ ಓಡುವ ಗಾಡಿಯಲ್ಲೇ ಮುರಿಯಬಹುದು.

ಇದನ್ನು ತಪ್ಪಿಸಲು ಹೊಸ ಕಾಯ್ದೆ, ಹೊಸ ಇನ್ಸ್‌ಪೆಕ್ಟರು ಬೇಕೆಂದು ನಾನು ಹೇಳುವುದಿಲ್ಲ. ಅಂಥ ತಪಾಸಣೆಗಳ ಗತಿ ಏನಾಗುತ್ತದೆಂಬುದನ್ನು ಒಳಗಿದ್ದು ನೋಡಿದವನು ನಾನು. ಗನ್ನನ್ನು ಬಿಚ್ಚಲು ಮಾತ್ರ ಬಳಸಿ, ಕೂರಿಸುವಾಗ ನಟ್ಟುಗಳನ್ನು ಕೈಯಿಂದ ತಿರುಗಿಸಿ, ನಕ್ಷತ್ರದ ಕ್ರಮದಲ್ಲಿ ಎದುರುಬದುರಾಗಿ ಬಿಗಿದು, ಕೊನೆಗೆ ಅಳತೆಯ ಟಾರ್ಕ್ ಪಾನಾದಿಂದ ನೋಡುವುದು ಐದು ನಿಮಿಷದ ಕೆಲಸ. ಅಂಗಡಿಯವನು ಇದನ್ನು ಮಾಡದಿರುವುದು ಗ್ರಾಹಕ ಕೇಳದಿರುವುದರಿಂದ. ಟಾರ್ಕ್ ಪಾನಾ ಈಗ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ತೋರಿಸುತ್ತಾರೆ. ಚಾಲನಾ ಪರವಾನಗಿಯ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಗಾಡಿ ಓಡಿಸುವುದನ್ನು ನೋಡುವ ನಾವು, ಒಂದು ಚಕ್ರದ ನಟ್ಟು ಸಡಿಲಿಸಿ ತೋರಿಸಿ ಎಂದು ಕೇಳುವುದೂ ಅಸಾಧ್ಯವೇನಲ್ಲ. ಅದರಲ್ಲೂ ಹೆಣ್ಣುಮಕ್ಕಳು ಒಂಟಿಯಾಗಿ ದೂರ ಚಾಲನೆ ಮಾಡುವ ಈ ಕಾಲದಲ್ಲಿ, 75 ಸೆಂಟಿಮೀಟರ್ ಉದ್ದದ ಒಂದು ಪೈಪು ಡಿಕ್ಕಿಯಲ್ಲಿದ್ದರೆ ಅದೇ 25 ಕಿಲೋ ಬಲ 180 ನ್ಯೂಟನ್ ಮೀಟರ್ ಆಗುತ್ತದೆ. ಬಿಚ್ಚುವುದಕ್ಕಷ್ಟೇ ಆ ಪೈಪು, ಬಿಗಿಯುವುದಕ್ಕಲ್ಲ.

ಟೈರಿನಲ್ಲಿ ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿತು. ಚಕ್ರ ಬಿಚ್ಚುವ ಗೋಜೇ ಇಲ್ಲವೆಂದು ಕೆಲವರು ಸಂತೋಷಪಟ್ಟಾರು. ಕಿಟ್ಟಿನ ಅಂಟು ಮುಳ್ಳು-ಮೊಳೆಯ ತೂತಿಗೆ ಸಾಕು, ಹೊಂಡಕ್ಕೆ ಬಿದ್ದು ಪಕ್ಕ ಸೀಳಿದ ಟೈರಿಗೆ ಸಾಲದು. ನಮ್ಮ ರಸ್ತೆಗಳಲ್ಲಿ ಎರಡನೆಯದೇನು ಕಡಿಮೆಯಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಬಹುದು. ರಾಜ್ಯ ಹೆದ್ದಾರಿ, ಹಳ್ಳಿಯ ರಸ್ತೆಗಳಲ್ಲಿ ಸ್ಟೆಪ್ನಿಯೇ ಗತಿ.

ಕೊನೆಯದಾಗಿ ಮರುಜೋಡಣೆಯ ಬಗ್ಗೆ ಎರಡು ಮಾತು, ಏಕೆಂದರೆ ಮುಂದಿನ ಸಲ ಬೋಲ್ಟು ಕಚ್ಚುವುದೋ ಬಿಡುವುದೋ ನಿರ್ಧಾರವಾಗುವುದು ಈ ಸಲ ಅದನ್ನು ಕೂರಿಸುವ ಕ್ರಮದಲ್ಲಿ. ಸವೆದ ಬೋಲ್ಟನ್ನು ಮತ್ತೆ ಹಾಕುವ ಜಿಪುಣತನ ಬೇಡ. ಹೊಸದನ್ನು ಕೊಳ್ಳುವಾಗ ತಲೆಯ ಮೇಲಿನ ಅಂಕಿ ನೋಡಬೇಕು. 8.8 ಎಂದಿದ್ದರೆ 800 ಮೆಗಾಪಾಸ್ಕಲ್ ಎಳೆತ ತಡೆಯುವ, ಅದರ ಶೇಕಡಾ 80ರವರೆಗೆ ಶಾಶ್ವತವಾಗಿ ಹಿಗ್ಗದ ಉಕ್ಕು ಎಂದರ್ಥ, 10.9 ಇನ್ನೂ ಗಟ್ಟಿ. ಅಂಕಿಯೇ ಇಲ್ಲದ ಬೋಲ್ಟು ಗೇಟಿಗೆ, ಬೇಲಿಗೆ ಆದೀತು. ಬ್ರೇಕಿಗೆ, ಸಸ್ಪೆನ್ಷನ್ನಿಗೆ ಅಲ್ಲ. ಸೈಲೆನ್ಸರ್, ಸಸ್ಪೆನ್ಷನ್ ಕಡೆಯ ಬೋಲ್ಟುಗಳಿಗೆ ಕಚ್ಚದಂತೆ ತಡೆಯುವ ಪೇಸ್ಟನ್ನು ತೆಳುವಾಗಿ ಸವರಬಹುದು. ಚಕ್ರದ ಸ್ಟಡ್ಡಿಗೆ ಮಾತ್ರ ಕಾರು ತಯಾರಕರು ಹೇಳದ ಹೊರತು ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಹಚ್ಚಬಾರದು. ಘರ್ಷಣೆ ಇಳಿದರೆ ಅದೇ 100 ನ್ಯೂಟನ್ ಮೀಟರಿಗೆ ಸ್ಟಡ್ ನಿಗದಿಗಿಂತ ಬಹಳ ಹೆಚ್ಚು ಹಿಗ್ಗುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ ಒಣಗಿಸಿದರೆ ಸಾಕು. ಅಲಾಯ್ ಚಕ್ರದ ಕಳವು ತಡೆಯಲು ಬೀಗದ ನಟ್ಟು ಹಾಕಿಸಿಕೊಂಡವರು ಅದರ ಕೀಲಿ ಸಾಕೆಟ್ ಕಾರಿನಲ್ಲೇ ಇದೆಯೇ, ಸರ್ವೀಸಿಗೆ ಬಿಟ್ಟಲ್ಲೇ ಉಳಿದುಹೋಗಿದೆಯೇ ಎಂದು ಈ ಭಾನುವಾರವೇ ಡಿಕ್ಕಿ ತೆರೆದು ನೋಡಿಕೊಳ್ಳುವುದು ಒಳ್ಳೆಯದು.